ಹಳೇ ಕಾರಿಗೆ ₹750ರ ಒಬಿಡಿ ಸ್ಕ್ಯಾನರ್: ಆರು ತಿಂಗಳು ಬಳಸಿದ ಮೇಲೆ

ನನ್ನದು 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. 1,18,000 ಕಿಲೋಮೀಟರ್ ಓಡಿದೆ. ಕಳೆದ ಮಳೆಗಾಲದಲ್ಲಿ ಟೆಂಪರೇಚರ್ ಮುಳ್ಳು ಆಟ ಶುರು ಮಾಡಿತು. ತುಮಕೂರು ರಸ್ತೆಯಲ್ಲಿ ಎಂಬತ್ತರಲ್ಲಿ ಹೋಗುವಾಗ ಅರ್ಧಕ್ಕಿಂತ ಕೆಳಗೆ ಇಳಿಯುತ್ತಿತ್ತು, ವಾಪಸ್ ಬಂದು ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ನಿಂತರೆ ಮತ್ತೆ ಮೇಲೆ ಬರುತ್ತಿತ್ತು. ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಬಾನೆಟ್ ಎತ್ತಿ ಎರಡು ನಿಮಿಷ ನೋಡಿ, "ಹೆಡ್ ಗ್ಯಾಸ್ಕೆಟ್ ಹೋಗಿರಬೇಕು ಸಾರ್, ಇಂಜಿನ್ ಬಿಚ್ಚಬೇಕು, ಇಪ್ಪತ್ತೈದು ಸಾವಿರ ಆಗುತ್ತೆ" ಅಂದರು. ಇನ್ನೊಂದು ಕಡೆ, "ಥರ್ಮೋಸ್ಟಾಟ್ ಕಿತ್ತು ಬಿಸಾಕೋಣ, ನಮ್ಮೂರ ಬಿಸಿಲಿಗೆ ಅದ್ಯಾಕೆ?" ಅಂದರು. ಗ್ಯಾಸ್ಕೆಟ್ ಅಂದರೆ ಇಂಜಿನ್ನಿನ ಎರಡು ಭಾಗಗಳ ನಡುವೆ ಸೋರದ ಹಾಗೆ ಕೂರಿಸುವ ಪದರ, ಥರ್ಮೋಸ್ಟಾಟ್ ಅಂದರೆ ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್. ಎರಡು ಸಲಹೆಗೂ ನನಗೆ ಮನಸ್ಸು ಒಪ್ಪಲಿಲ್ಲ.

ಆಗ ತರಿಸಿದ್ದು ಈ ಬ್ಲೂಟೂತ್ ಸ್ಕ್ಯಾನರ್. ಒಬಿಡಿ ಅಂದರೆ ಕಾರಿನ ಕಂಪ್ಯೂಟರ್ ತನ್ನ ಅಳತೆ, ತೊಂದರೆಗಳನ್ನು ಹೊರಗೆ ಹೇಳುವ ವ್ಯವಸ್ಥೆ, ಸ್ಕ್ಯಾನರ್ ಅದನ್ನು ಓದುತ್ತದೆ. ಬ್ರ್ಯಾಂಡ್ ಹೆಸರೇ ಇಲ್ಲ, ಡಬ್ಬಿಯ ಮೇಲೆ ಇಎಲ್‌ಎಂ 327 ಅಂತ ಮಾತ್ರ ಇದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ, ಅದಕ್ಕೆ ಸಿಕ್ಕಿಸಿ, ಫೋನಿಗೆ ಜೋಡಿಸಿ, 1234 ಅಂತ ಒತ್ತಿದರೆ ಆಯಿತು. ಉಚಿತ ಆ್ಯಪ್‌ಗಳು ಬೇಕಾದಷ್ಟಿವೆ. ಕೂಲಂಟ್, ಅಂದರೆ ಇಂಜಿನ್ನನ್ನು ತಣ್ಣಗಿಡುವ ದ್ರವ, ಎಷ್ಟು ಡಿಗ್ರಿ ಅನ್ನುವುದು ನೇರವಾಗಿ ಸಂಖ್ಯೆಯಲ್ಲಿ ಕಾಣುತ್ತದೆ, ಗ್ರಾಫ್ ಕೂಡ ಬರುತ್ತದೆ.

ಸಂಖ್ಯೆ ಯಾಕೆ ಬೇಕು ಅಂದರೆ, ಮುಳ್ಳು ಪೂರ್ತಿ ನಿಜ ಹೇಳುವುದಿಲ್ಲ. ಎಷ್ಟೋ ಕಾರುಗಳಲ್ಲಿ 80 ಇದ್ದರೂ 100 ಇದ್ದರೂ ಮುಳ್ಳು ನಡುವೆಯೇ ನಿಂತಿರುವ ಹಾಗೆ ಮಾಡಿರುತ್ತಾರೆ, ಓಡಿಸುವವರು ಸುಮ್ನೆ ಗಾಬರಿಯಾಗದಿರಲಿ ಅಂತ. ಅಂಥ ಮುಳ್ಳು ಅಲ್ಲಾಡಿತು ಅಂದರೆ ಒಳಗೆ ಆಗಲೇ ಜಾಸ್ತಿ ಏರುಪೇರಾಗಿದೆ ಅಂತಲೇ ಅರ್ಥ.

ಮೊದಲು ಕೂಲಂಟಿನ ಬಿಸಿ ಅಳೆಯುವ ಸೆನ್ಸರ್ ಸರಿ ಇದೆಯಾ ನೋಡಿಕೊಂಡೆ. ರಾತ್ರಿಯೆಲ್ಲ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದರೆ, ಕೂಲಂಟ್ ಮತ್ತು ಇಂಜಿನ್ ಒಳಗೆ ಹೋಗುವ ಗಾಳಿ, ಎರಡರ ಬಿಸಿಯೂ ಹೆಚ್ಚುಕಡಿಮೆ ಒಂದೇ ಇರಬೇಕು. ನನ್ನದರಲ್ಲಿ 22 ಮತ್ತು 23. ಅಲ್ಲಿಗೆ ಸೆನ್ಸರ್ ಮೇಲಿನ ಅನುಮಾನ ಹೋಯಿತು. ವೈರ್ ಬಿಟ್ಟಿದ್ದರೆ ಮೈನಸ್ 40 ಅಂತ ತೋರಿಸುತ್ತದೆ, ಅದನ್ನು ನೋಡಿ ಹೆದರಬೇಡಿ, ಕನೆಕ್ಟರ್ ನೋಡಿ ಸಾಕು.

ಆಮೇಲೆ ಒಂದು ವಾರ ಗ್ರಾಫ್ ಉಳಿಸಿಟ್ಟೆ. ಸಿಗ್ನಲ್‌ನಲ್ಲಿ ನಿಂತಾಗ ನಿಧಾನವಾಗಿ 96ಕ್ಕೆ ಏರಿ, ಫ್ಯಾನ್ ತಿರುಗಿ, 91ಕ್ಕೆ ಇಳಿಯುತ್ತಿತ್ತು. ಇದು ಆರೋಗ್ಯದ ಲಕ್ಷಣ, ಗರಗಸದ ಹಲ್ಲಿನ ಹಾಗೆ ಏರಿಳಿಯುವುದು ಸಹಜ. ತೊಂದರೆ ಇದ್ದದ್ದು ಹೈವೇಯಲ್ಲಿ. ನೆಲಮಂಗಲ ದಾಟುವಷ್ಟರಲ್ಲಿ 74, ಇನ್ನು ಹತ್ತು ನಿಮಿಷಕ್ಕೆ 67! ಬಿಸಿ ಇಂಜಿನ್ ಗಾಳಿಗೆ ಇಷ್ಟು ತಣ್ಣಗಾಗುತ್ತಿದೆ ಅಂದರೆ ಥರ್ಮೋಸ್ಟಾಟ್ ಮುಚ್ಚಿಕೊಳ್ಳುತ್ತಿಲ್ಲ. ಅದರೊಳಗೆ ಮೇಣ ಇರುತ್ತದೆ. ಬಿಸಿಗೆ ಕರಗಿ, ಹಿಗ್ಗಿ, ವಾಲ್ವನ್ನು ತಳ್ಳಿ ತೆರೆಯುತ್ತದೆ. ಅಲ್ಲಿಯವರೆಗೆ ನೀರು ಇಂಜಿನ್ನಿನೊಳಗೇ ಸುತ್ತಬೇಕು, ರೇಡಿಯೇಟರಿಗೆ ಹೋಗಬಾರದು. ತೆರೆದೇ ಉಳಿದರೆ ಇಂಜಿನ್ ಬಿಸಿಯೇ ಆಗದೆ, ಕಂಪ್ಯೂಟರ್ ಇನ್ನೂ ಬೆಳಗಿನ ಚಳಿ ಅಂದುಕೊಂಡು ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ನನ್ನ ಮೈಲೇಜ್ 15ರಿಂದ 12ಕ್ಕೆ ಇಳಿದದ್ದು ಇದಕ್ಕೇ. ಥರ್ಮೋಸ್ಟಾಟ್ ಕಿತ್ತು ಬಿಸಾಕಿದ್ದರೆ ಇದೇ ಕಾಯಿಲೆ ಶಾಶ್ವತವಾಗುತ್ತಿತ್ತು, ಅಲ್ವಾ?

ಗ್ರಾಫನ್ನು ನಮ್ಮ ಬೀದಿಯ ಮೆಕ್ಯಾನಿಕ್‌ಗೆ ತೋರಿಸಿದೆ. ಫೋನ್ ಇಸ್ಕೊಂಡು ಬೆರಳಲ್ಲಿ ಹಿಂದೆ ಮುಂದೆ ಎಳೆದು ನೋಡಿ, "ಗ್ಯಾಸ್ಕೆಟ್ ಅಲ್ಲ ಬಿಡಿ" ಅಂದರು. ಅರ್ಧ ಗಂಟೆಯಲ್ಲಿ ಥರ್ಮೋಸ್ಟಾಟ್ ಕೈಗೆ ಬಂತು. ಅಂಚಿಗೆಲ್ಲ ಬಿಳಿ ಗಟ್ಟಿ ಪದರ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕೂರುತ್ತಲ್ಲ ಅದೇ. ಹಿಂದಿನ ಮಾಲೀಕರು ಬೋರ್‌ವೆಲ್ ನೀರು ಹಾಕಿಕೊಂಡು ಓಡಿಸಿದ್ದರು ಅಂತ ಕಾಣುತ್ತೆ. ಹಳೆಯದನ್ನೂ ಹೊಸದನ್ನೂ ಮನೆಗೆ ತಂದು, ಹಳೇ ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದೆ. ಹೊಸದರ ಮೇಲೆ 82 ಅಂತ ಕೊರೆದಿತ್ತು. ಸರಿಯಾಗಿ 83ಕ್ಕೆ ಬಾಯಿ ಬಿಡಲು ಶುರು ಮಾಡಿತು. ಹಳೆಯದು ತಣ್ಣೀರಿನಲ್ಲೇ ಬಾಯಿ ಬಿಟ್ಟುಕೊಂಡಿತ್ತು, ಎತ್ತಿ ಹಿಡಿದರೆ ಸಂದಿಯಲ್ಲಿ ಟ್ಯೂಬ್‌ಲೈಟ್ ಕಾಣುತ್ತಿತ್ತು.

ಒಳಗೆಲ್ಲ ತೊಳೆದು, ಹೊಸ ಕೂಲಂಟ್, ರೇಡಿಯೇಟರಿಗೆ ಹೊಸ ಕ್ಯಾಪ್ (ಮುಚ್ಚಳ), ಕೂಲಿ ಎಲ್ಲ ಸೇರಿ ₹2,400. ಈಗ ಹೈವೇಯಲ್ಲಿ 87ರಿಂದ 91. ಕಳೆದ ತಿಂಗಳು ಗುಂಡ್ಯದಿಂದ ಸಕಲೇಶಪುರಕ್ಕೆ ಶಿರಾಡಿ ಘಾಟಿ ಹತ್ತುವಾಗ ಲಾರಿ ಹಿಂದೆ ಸೆಕೆಂಡ್ ಗೇರಲ್ಲಿ, ಎಸಿ ಹಾಕಿಕೊಂಡು, 99ಕ್ಕೆ ಹೋಯಿತು. ಫ್ಯಾನ್ ತಿರುಗಿ 93ಕ್ಕೆ ಬಂತು. ಮೊದಲಾಗಿದ್ದರೆ ಗಾಡಿ ನಿಲ್ಲಿಸುತ್ತಿದ್ದೆ. ಬೆಂಗಳೂರಿನ ಎತ್ತರಕ್ಕೆ ತೆರೆದ ಪಾತ್ರೆಯ ನೀರು ಸುಮಾರು 97ಕ್ಕೇ ಕುದಿಯುತ್ತದೆ, ಆದರೆ ಕ್ಯಾಪ್ ಒತ್ತಡ ಹಿಡಿದಿಟ್ಟರೆ, ಅರ್ಧ ನೀರು ಅರ್ಧ ಕೂಲಂಟ್ ಇದ್ದರೆ, 120 ದಾಟಿದರೂ ಕುದಿಯುವುದಿಲ್ಲ. ಹಾಗಾಗಿ ಕ್ಯಾಪಿನ ರಬ್ಬರ್ ಹಳತಾಗಿ ಗಟ್ಟಿಯಾಗಿದ್ದರೆ ಯೋಚಿಸದೆ ಬದಲಾಯಿಸಿ.

ನಿಮ್ಮ ಕಾರಿನಲ್ಲಿ ಉಲ್ಟಾ ಇರಬಹುದು, ಅಂದರೆ ಬಿಸಿ ಜಾಸ್ತಿಯಾಗುತ್ತಿರಬಹುದು. ನಿಂತಾಗ ಅತಿಯಾಗಿ ಏರಿ, ಓಡುವಾಗ ಇಳಿದು ಸರಿಹೋದರೆ ಫ್ಯಾನ್ ಅಥವಾ ಅದರ ರಿಲೇ (ಫ್ಯಾನಿಗೆ ಕರೆಂಟ್ ಕೊಡುವ ಸ್ವಿಚ್) ನೋಡಿ. ಓಡುವಾಗ, ಏರಿನಲ್ಲಿ ಏರಿದರೆ ರೇಡಿಯೇಟರ್ ಕಟ್ಟಿರಬಹುದು, ವಾಟರ್ ಪಂಪ್ ಸವೆದಿರಬಹುದು, ಕೂಲಂಟ್ ಕಡಿಮೆ ಇರಬಹುದು. ಒಂದೇ ಸೆಕೆಂಡಿನಲ್ಲಿ 20 ಡಿಗ್ರಿ ಹಾರಿದರೆ ಅದು ವೈರಿಂಗ್, ನೀರು ಅಷ್ಟು ಬೇಗ ಬಿಸಿಯಾಗುವುದಿಲ್ಲ.

ಸ್ಕ್ಯಾನರಿನ ತೊಂದರೆಗಳನ್ನೂ ಹೇಳಬೇಕು. ವಾರಕ್ಕೆ ಎರಡು ಸಲವಾದರೂ ಕನೆಕ್ಷನ್ ತಪ್ಪುತ್ತದೆ, ಕಿತ್ತು ಮತ್ತೆ ಸಿಕ್ಕಿಸಬೇಕು. ಸದಾ ಸಿಕ್ಕಿಸಿಟ್ಟರೆ ಬ್ಯಾಟರಿ ಹೀರುತ್ತದೆ, ನಾಲ್ಕು ದಿನ ಊರಿಗೆ ಹೋಗಿ ಬಂದಾಗ ನನ್ನ ಕಾರು ಸ್ಟಾರ್ಟ್ ಆಗಲು ತಿಣುಕಾಡಿತು. ಐಫೋನ್ ಇದ್ದವರು ವೈಫೈ ಅಥವಾ ಬಿಎಲ್‌ಇ (ಕಡಿಮೆ ಕರೆಂಟ್ ಬಳಸುವ ಬ್ಲೂಟೂತ್) ಇರುವುದನ್ನೇ ತಗೊಳ್ಳಿ, ಇದು ಕೂಡಿಕೊಳ್ಳುವುದಿಲ್ಲ. ತೀರಾ ಹಳೇ ಕಾರುಗಳಲ್ಲಿ ಸಾಕೆಟ್ ಇದ್ದರೂ ಮಾತಾಡದೆ ಇರಬಹುದು, ಸ್ನೇಹಿತರದ್ದನ್ನು ಒಮ್ಮೆ ಹಾಕಿ ನೋಡಿ ಆಮೇಲೆ ಕೊಳ್ಳಿ.

ಇನ್ನೊಂದು ಮಾತು ದಯವಿಟ್ಟು ನೆನಪಿಡಿ. ಪೈಪ್ ಒಡೆದು ಕೂಲಂಟ್ ಪೂರ್ತಿ ಸೋರಿಹೋದರೆ ಸೆನ್ಸರ್ ಸುತ್ತ ನೀರೇ ಇರುವುದಿಲ್ಲ, ಆಗ ಸಂಖ್ಯೆ ಕಡಿಮೆ ತೋರಿಸಬಹುದು. ಫೋನಿನಲ್ಲಿ 85 ಇದೆ ಅಂತ ನಂಬಿ ಓಡಿಸಿದರೆ ಇಂಜಿನ್ ಕೈಬಿಡುತ್ತದೆ. ಕೂಲಂಟಿನ ಸಿಹಿ ವಾಸನೆ ಬಂದರೆ, ಹೊಗೆ ಕಂಡರೆ, ಸಂಖ್ಯೆ ಏನೇ ಇರಲಿ ನಿಲ್ಲಿಸಿ. ಬಿಸಿ ಇದ್ದಾಗ ಕ್ಯಾಪ್ ಮಾತ್ರ ಮುಟ್ಟಬೇಡಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದು ಕಡಿಮೆಯಾದದ್ದು ಕನೆಕ್ಷನ್‌ಗೆ. ಈಗ ಅದು ಗ್ಲೋವ್ ಬಾಕ್ಸಿನಲ್ಲಿದೆ, ತಿಂಗಳಿಗೊಮ್ಮೆ ಸಿಕ್ಕಿಸಿ ನೋಡುತ್ತೇನೆ. ಕಳೆದ ಭಾನುವಾರ, ಡಾಬಸ್‌ಪೇಟೆ ಹತ್ತಿರ, 89.