ಬೆಂಗಳೂರು–ಯುರೋಪ್ ವಿಮಾನಗಳ ಎಕಾನಮಿ ಉಪಚಾರ: ಮಾರ್ಕು ಎಲ್ಲಿ ಕೊಡಬೇಕು, ಎಲ್ಲಿ ಕಳೆಯಬೇಕು

ದೂರದ ವಿಮಾನ ಪ್ರಯಾಣದ ವಿಮರ್ಶೆ ಎಂದರೆ ಸೀಟಿನ ಅಗಲ, ಊಟದ ಫೋಟೊ, ಪರದೆಯಲ್ಲಿ ಎಷ್ಟು ಸಿನಿಮಾ ಇದ್ದವು ಎನ್ನುವುದರಲ್ಲೇ ಮುಗಿದುಹೋಗುತ್ತದೆ. ಕ್ಯಾಬಿನ್ ಸಿಬ್ಬಂದಿಯ ಬಗ್ಗೆ ಕೊನೆಗೊಂದು ಸಾಲು: ನಗುನಗುತ್ತಾ ಮಾತಾಡಿಸಿದರು, ಅಥವಾ ಮುಖ ಗಂಟಿಕ್ಕಿಕೊಂಡಿದ್ದರು. ಹತ್ತು ಗಂಟೆಯ ಕೆಲಸವನ್ನು ಮುಖ ನೋಡಿ ತೂಗುವುದು ನ್ಯಾಯವಲ್ಲ. ಕೇಳಿದ್ದು ಕೊಡಲು ಆಗದಿದ್ದಾಗ ಅದನ್ನು ಹೇಗೆ ಹೇಳಿದರು, ಕಾರಣ ತಿಳಿಸಿದರೇ, ಬದಲಿಗೆ ಏನಾದರೂ ತಂದುಕೊಟ್ಟರೇ ಎಂದು ನೋಡಬೇಕು. ಹಾಗೆ ನೋಡಿದರೆ, ಒರಟುತನ ಎಂದು ನಾವು ಬರೆದುಕೊಳ್ಳುವ ಎಷ್ಟೋ ಸಂಗತಿಗಳ ಹಿಂದೆ ಕೆಲಸದ ಕಟ್ಟುಪಾಡು ಇರುತ್ತದೆ. ನಿಜವಾದ ಒರಟುತನ ಯಾವುದು ಎಂಬುದೂ ಆಗಲೇ ಸ್ಪಷ್ಟವಾಗುತ್ತದೆ.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಆಮ್‌ಸ್ಟರ್‌ಡ್ಯಾಮ್, ಪ್ಯಾರಿಸ್, ಲಂಡನ್ ಕಡೆ ಹೋಗುವ ಹತ್ತು ಗಂಟೆ ಆಸುಪಾಸಿನ ವಿಮಾನಗಳ ಬಗ್ಗೆ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಬಾಣಂತನಕ್ಕೆಂದು ಹೊರಡುವ ಅಪ್ಪ ಅಮ್ಮಂದಿರಲ್ಲಿ ಬಹಳಷ್ಟು ಜನ ಹತ್ತುವುದು ಇವನ್ನೇ. ಇವುಗಳಲ್ಲಿ ಹಲವು ಹೊರಡುವುದು ನಡುರಾತ್ರಿ ಕಳೆದ ಮೇಲೆ. ಅಂದರೆ ಮೊದಲ ಊಟ ಕೈಗೆ ಬರುವುದು ಬೆಳಗಿನ ಜಾವ. ಪ್ರಯಾಣಿಕರಿಗೆ ನಿದ್ದೆಗೆಟ್ಟಿರುತ್ತದೆ, ಸಿಬ್ಬಂದಿಗೂ ಅಷ್ಟೇ. ವಿಮರ್ಶೆ ಬರೆಯುವಾಗ ಈ ಹೊತ್ತನ್ನು ಮರೆಯಬಾರದು.

ಮೊದಲು ಲೆಕ್ಕ ನೋಡೋಣ. ಭಾರತ, ಯುರೋಪ್, ಅಮೆರಿಕ ಮೂರೂ ಕಡೆಯ ನಿಯಮದಂತೆ 50 ಸೀಟಿಗೆ ಕನಿಷ್ಠ ಒಬ್ಬ ಸಿಬ್ಬಂದಿ ಇರಬೇಕು. ದೂರದ ವಿಮಾನಗಳಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಜನ ಇರುತ್ತಾರಾದರೂ ಬಿಸಿನೆಸ್ ಕ್ಲಾಸಿಗೆ ಹೋದವರನ್ನು ಕಳೆದರೆ, 250 ಜನರ ಎಕಾನಮಿಗೆ ಏಳು ಮಂದಿ ಉಳಿದರೂ ಒಬ್ಬೊಬ್ಬರ ಪಾಲಿಗೆ ಸುಮಾರು 36 ಜನ ಬೀಳುತ್ತಾರೆ. ದೊಡ್ಡ ಊಟದ ಟ್ರಾಲಿಯಲ್ಲಿ ಟ್ರೇ ಅಳತೆಗೆ ತಕ್ಕಂತೆ 28ರಿಂದ 42 ಊಟ ಹಿಡಿಸುತ್ತದೆ. ತುಂಬಿದ ಟ್ರಾಲಿ 80 ಕೆಜಿ ದಾಟಬಹುದು. ವಿಮಾನ ಹಾರುವಾಗ ಮೂತಿ ಎರಡು ಮೂರು ಡಿಗ್ರಿ ಮೇಲಕ್ಕೆ ಇರುವುದರಿಂದ, ಹಿಂದಿನ ಅಡುಗೆಕಟ್ಟೆಯಿಂದ ಮುಂದಕ್ಕೆ ತಳ್ಳುವುದೆಂದರೆ ಇಡೀ ದಾರಿ ಏರು. ಈ ಟ್ರಾಲಿ ನಿಮ್ಮ ಸಾಲು ದಾಟಿ ನಾಲ್ಕು ಸಾಲು ಹೋದ ಮೇಲೆ "ಇನ್ನೊಂದು ಕಾಫಿ" ಎಂದರೆ ತಕ್ಷಣ ಬರದು. ಬ್ರೇಕ್ ಹಾಕದೆ ಟ್ರಾಲಿ ಬಿಟ್ಟು ಬರುವಂತಿಲ್ಲ. ಮದುವೆಮನೆ ಪಂಕ್ತಿಯಲ್ಲಿ ಬಡಿಸುವವರು ಅನ್ನ, ಸಾರು, ಪಲ್ಯ ಎಂದು ಹತ್ತು ಸಲ ಸುತ್ತು ಬರುತ್ತಾರೆ. ಇಲ್ಲಿ ಟ್ರೇ ಬರುವುದು ಒಂದೇ ಸುತ್ತು. ಆದ್ದರಿಂದ ನೀರು, ಜ್ಯೂಸ್, ಕಾಫಿ, ಸಕ್ಕರೆ ಏನೇನು ಬೇಕೋ ಅಷ್ಟನ್ನೂ ಟ್ರಾಲಿ ಎದುರು ನಿಂತಾಗಲೇ ಒಟ್ಟಿಗೆ ಹೇಳಿಬಿಡುವುದು ಒಳ್ಳೆಯದು. ಕಿವಿಯ ಹೆಡ್‌ಫೋನ್ ತೆಗೆದು, ಮುಖ ನೋಡಿ ಹೇಳಿದರೆ ಅರ್ಧ ಕೆಲಸ ಸಲೀಸು. ಎಂಜಿನ್ನಿನ ಸದ್ದಿನಲ್ಲಿ ತುಟಿ ನೋಡಿಯೇ ಎಷ್ಟೋ ಮಾತನ್ನು ಅವರು ಅರ್ಥ ಮಾಡಿಕೊಳ್ಳುತ್ತಾರೆ.

ಊಟದ ವಿಷಯದಲ್ಲಿ ಆಗುವಷ್ಟು ಮನಸ್ತಾಪ ಬೇರೆ ಯಾವುದರಲ್ಲೂ ಆಗುವುದಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ವಿಮಾನದಲ್ಲಿ ಅಡುಗೆ ಮಾಡುವುದಿಲ್ಲ. ನೆಲದ ಮೇಲಿನ ಅಡುಗೆಮನೆಯಲ್ಲಿ ಬೇಯಿಸಿ, ತಣ್ಣಗೆ ಮಾಡಿ ಕಳಿಸಿದ್ದನ್ನು ಮೇಲೆ ಓವನ್‌ನಲ್ಲಿ ಬಿಸಿ ಮಾಡುತ್ತಾರೆ, ಅಷ್ಟೆ. ಎಷ್ಟು ಹತ್ತಿಸಿದ್ದಾರೋ ಅಷ್ಟೇ ಇರುತ್ತದೆ. ಎರಡು ಆಯ್ಕೆ ಇದ್ದರೆ ಎರಡನ್ನೂ ಎಲ್ಲರಿಗೂ ಆಗುವಷ್ಟು ಹತ್ತಿಸುವುದಿಲ್ಲ. ಹಾಗಾಗಿ ಟ್ರಾಲಿ ಕೊನೆಗೆ ತಲುಪುವ ಸಾಲುಗಳಲ್ಲಿ "ವೆಜ್ ಮುಗಿದಿದೆ" ಎಂಬ ಮಾತು ಕೇಳಿಬರುತ್ತದೆ. ಸಸ್ಯಾಹಾರಿಗಳು ಈ ಜೂಜಿಗೆ ಕೂರಲೇಬಾರದು. ಟಿಕೆಟ್‌ನಲ್ಲಿ ಮುಂಚೆಯೇ ವಿಶೇಷ ಊಟ ಹಾಕಿಸಬೇಕು. ಹೆಚ್ಚಿನ ಕಂಪನಿಗಳಿಗೆ 24 ಗಂಟೆ ಮೊದಲು, ಕೆಲವಕ್ಕೆ 48 ಗಂಟೆ ಮೊದಲು.

ನಮ್ಮವರು ಎಡವುವುದು ಊಟದ ಬಗೆಯನ್ನು ಸೂಚಿಸುವ ನಾಲ್ಕು ಇಂಗ್ಲಿಷ್ ಅಕ್ಷರಗಳ ಕೋಡ್ ಆರಿಸುವಾಗ. ಎವಿಎಂಎಲ್ ಎಂದರೆ ಭಾರತೀಯ ಶೈಲಿಯ ಸಸ್ಯಾಹಾರ. ಹಾಲು, ಮೊಸರು, ಪನೀರ್ ಇರುತ್ತದೆ. ವಿಜಿಎಂಎಲ್ ಎಂಬುದನ್ನು ವೆಜಿಟೇರಿಯನ್ ಎಂದೇ ತಿಳಿದು ಒತ್ತುವವರಿದ್ದಾರೆ. ಅದು ವೀಗನ್ ಊಟ. ತುಪ್ಪವೂ ಇಲ್ಲ, ಮೊಸರೂ ಇಲ್ಲ. ವಿಎಲ್‌ಎಂಎಲ್‌ನಲ್ಲಿ ಹಾಲಿನ ಜೊತೆ ಮೊಟ್ಟೆಯೂ ಇರಬಹುದು. ಈರುಳ್ಳಿ ಬೆಳ್ಳುಳ್ಳಿ ತಿನ್ನದ ಮನೆಯವರಿಗೆ ಹತ್ತಿರದ್ದು ಜೈನ ಊಟ, ವಿಜೆಎಂಎಲ್. ಅದರಲ್ಲಿ ಆಲೂಗಡ್ಡೆ, ಕ್ಯಾರೆಟ್ಟೂ ಇರುವುದಿಲ್ಲ ಎಂಬುದು ಗೊತ್ತಿರಲಿ. ವಿಶೇಷ ಊಟದ ಮೇಲೆ ಸೀಟ್ ನಂಬರಿನ ಚೀಟಿ ಅಂಟಿರುತ್ತದೆ ಮತ್ತು ಅದನ್ನು ಉಳಿದವರಿಗಿಂತ ಮೊದಲೇ ಹಂಚುತ್ತಾರೆ. ಪಕ್ಕದವರಿಗೆ ಅನುಕೂಲವಾಗಲೆಂದು ನೀವು ಸೀಟು ಬದಲಿಸಿದರೆ ಊಟ ಹಳೆಯ ಸೀಟಿಗೇ ಹೋಗುತ್ತದೆ. ಸೀಟು ಬದಲಾಯಿಸಿದ ಕೂಡಲೇ ಹತ್ತಿರದ ಸಿಬ್ಬಂದಿಗೆ ಹಳೆಯ ನಂಬರ್, ಹೊಸ ನಂಬರ್ ಎರಡನ್ನೂ ಹೇಳಿ.

ಇನ್ನೊಂದು ತೊಡಕು ಕೋಡ್‌ಶೇರ್. ಟಿಕೆಟ್ ಮಾರಿದ ಕಂಪನಿ ಒಂದು, ಹಾರಿಸುವ ಕಂಪನಿ ಇನ್ನೊಂದು. ಮೊದಲನೆಯವರ ಹತ್ತಿರ ಹೇಳಿದ ಊಟದ ಕೋರಿಕೆ ಎರಡನೆಯವರಿಗೆ ತಲುಪದೇ ಹೋಗುವುದುಂಟು. 2022ರ ಡಿಸೆಂಬರ್‌ನಲ್ಲಿ ಇಸ್ತಾಂಬುಲ್‌ನಿಂದ ದೆಹಲಿಗೆ ಬರುತ್ತಿದ್ದ ಇಂಡಿಗೊ ವಿಮಾನದಲ್ಲಿ ಊಟದ ವಿಷಯಕ್ಕೆ ಶುರುವಾದ ಜಗಳದ ವಿಡಿಯೊ ದೇಶವೆಲ್ಲ ನೋಡಿತು. ನಾನು ಕಂಪನಿಯ ನೌಕರಳು, ನಿಮ್ಮ ಆಳಲ್ಲ ಎಂದು ಗಗನಸಖಿ ಹೇಳಿದ ಮಾತಿನ ಮೇಲೆ ವಾರಗಟ್ಟಲೆ ಚರ್ಚೆ ನಡೆಯಿತು. ಅದು ಕೋಡ್‌ಶೇರ್ ಮೂಲಕ ಬಂದ ಕೆಲವು ಪ್ರಯಾಣಿಕರು ಆರಿಸಿದ್ದ ಊಟಕ್ಕೆ ಸಂಬಂಧಿಸಿದ ಸಮಸ್ಯೆ ಎಂದು ಕಂಪನಿಯೇ ತಿಳಿಸಿತ್ತು. ನನ್ನ ಅಭಿಪ್ರಾಯ ಸ್ಪಷ್ಟ: ಊಟ ಹತ್ತಿಸದೇ ಇದ್ದದ್ದು ಆಕೆಯ ತಪ್ಪಲ್ಲ, ಎದುರಿಗೆ ನಿಂತದ್ದು ಮಾತ್ರ ಆಕೆ. ಬೆರಳು ತೋರಿಸಿ ಮಾತಾಡಿದರೆ ವಿಮಾನದೊಳಗೆ ಇಲ್ಲದ ಊಟ ಹುಟ್ಟುವುದಿಲ್ಲ. ಕೋಡ್‌ಶೇರ್ ಟಿಕೆಟ್ ಇದ್ದವರು ವಿಮಾನ ಹಾರಿಸುವ ಕಂಪನಿಯ ಬುಕಿಂಗ್ ನಂಬರ್ ಬೇರೆಯಾಗಿ ಕೇಳಿಕೊಂಡು, ಅವರ ಜಾಲತಾಣದಲ್ಲೇ ಊಟ ದಾಖಲಾಗಿದೆಯೇ ಎಂದು ನೋಡಿಕೊಳ್ಳಬೇಕು.

ಹಾಗೆಂದು ಸಿಬ್ಬಂದಿಗೆ ಪೂರ್ತಿ ಮಾರ್ಕು ಕೊಟ್ಟುಬಿಡಲಾಗದು. ವೆಜ್ ಮುಗಿದಾಗ "ನೋ ವೆಜ್" ಎಂದು ಮುಂದೆ ಹೋಗುವವರೂ ಇದ್ದಾರೆ, ಬಿಸಿನೆಸ್ ಕ್ಲಾಸ್ ಅಡುಗೆಕಟ್ಟೆಯಲ್ಲಿ ವಿಚಾರಿಸಿ ಬ್ರೆಡ್, ಚೀಸ್, ಹಣ್ಣು, ಸಲಾಡ್ ಜೋಡಿಸಿ ತಂದುಕೊಡುವವರೂ ಇದ್ದಾರೆ. ಎರಡನೆಯವರು ಕೊಟ್ಟದ್ದು ಪೂರ್ತಿ ಊಟವಲ್ಲದಿರಬಹುದು, ಆದರೆ ಉಪಚಾರ ಎಂದರೆ ಅದೇ. ಅಲ್ಲಿ ಮಾರ್ಕು ಕೊಡಿ. ಮೊದಲನೆಯದಕ್ಕೆ ಕಳೆಯಿರಿ, ಕಾರಣವನ್ನೂ ಬರೆಯಿರಿ.

ಎರಡನೇ ದೊಡ್ಡ ದೂರು ಬೆಲ್ ಒತ್ತಿದರೂ ಯಾರೂ ಬರಲಿಲ್ಲ ಎಂಬುದು. ಮೊದಲ ಊಟ ಮುಗಿದು ದೀಪ ಆರಿದ ಮೇಲೆ ಸಿಬ್ಬಂದಿ ಸರದಿಯಲ್ಲಿ ವಿಶ್ರಾಂತಿಗೆ ಹೋಗುತ್ತಾರೆ. ಬೋಯಿಂಗ್ 787ರಂಥ ವಿಮಾನಗಳಲ್ಲಿ ಹಿಂಭಾಗದ ಎಕಾನಮಿಯ ಚಾವಣಿಯ ಮೇಲೆ ಅವರಿಗಾಗಿ ಸಣ್ಣ ಮಲಗುವ ಜಾಗ ಇರುತ್ತದೆ. ಆ ಹೊತ್ತಿನಲ್ಲಿ ಕೆಳಗೆ ಎಚ್ಚರವಾಗಿರುವವರು ಅರ್ಧದಷ್ಟು ಮಾತ್ರ. ವಿಶ್ರಾಂತಿ ಕಡ್ಡಾಯ, ಇಳಿಯುವ ಹೊತ್ತಿಗೆ ಅವರ ತಲೆ ಚುರುಕಾಗಿರಬೇಕು. 2024ರ ಜನವರಿ 2ರಂದು ಟೋಕಿಯೊದ ಹನೆಡಾದಲ್ಲಿ ಬೆಂಕಿ ಹತ್ತಿದ ಜಪಾನ್ ಏರ್‌ಲೈನ್ಸ್ ವಿಮಾನದಿಂದ 379 ಜನರನ್ನೂ ಜೀವಂತವಾಗಿ ಹೊರತಂದದ್ದು ಇದೇ ಕೆಲಸದವರು. ಚಹಾ ಕೊಡುವುದು ಅವರ ಎರಡನೇ ಕೆಲಸ. ನಡುರಾತ್ರಿ ನೀರು ಬೇಕಾದರೆ ಬೆಲ್ ಒತ್ತಿ ಕಾಯುವ ಬದಲು ನೀವೇ ಎದ್ದು ಅಡುಗೆಕಟ್ಟೆಗೆ ಹೋಗಿ ಕೇಳುವುದು ಬೇಗ ಆಗುತ್ತದೆ, ಕಾಲಿಗೂ ಒಳ್ಳೆಯದು. ಭದ್ರತಾ ತಪಾಸಣೆ ಆದ ಮೇಲೆ ಖಾಲಿ ಬಾಟಲಿ ತುಂಬಿಸಿಕೊಂಡು ಹತ್ತಿದರೆ ಅದೂ ಬೇಡ. ಪರದೆ ಎಳೆದಿದ್ದರೆ ಅವರು ಊಟಕ್ಕೆ ಕೂತಿದ್ದಾರೆ ಎಂದು ತಿಳಿದು, ಹೊರಗಿನಿಂದ ಒಂದು ಮಾತು ಕರೆದು ನಿಲ್ಲಿ. ಎದೆನೋವು, ಉಸಿರಾಟದ ತೊಂದರೆ, ತಲೆಸುತ್ತು ಇಂಥವಕ್ಕೆ ಮಾತ್ರ ಯಾವ ಸಂಕೋಚವೂ ಬೇಡ. ಬೆಲ್ ಒತ್ತಿ, ಜೋರಾಗಿ ಕರೆಯಿರಿ.

ಸೀಟ್ ಬೆಲ್ಟ್ ದೀಪ ಹತ್ತಿದಾಗ ಬಿಸಿ ನೀರು ಕೊಡಲಿಲ್ಲ, ಮಲಗಿದ್ದ ಕೂಸನ್ನು ತೊಟ್ಟಿಲಿನಿಂದ ಎತ್ತಿಕೊಳ್ಳಲು ಹೇಳಿದರು ಎಂದು ಮುನಿಯುವವರುಂಟು. ಲಂಡನ್‌ನಿಂದ ಹೊರಟಿದ್ದ ಸಿಂಗಪುರ ಏರ್‌ಲೈನ್ಸ್ ವಿಮಾನ 2024ರ ಮೇ 21ರಂದು ಗಾಳಿಯ ಹೊಡೆತಕ್ಕೆ ಸಿಕ್ಕಿ ಒಬ್ಬರು ತೀರಿಕೊಂಡರು, ಹತ್ತಾರು ಜನರಿಗೆ ಪೆಟ್ಟಾಯಿತು. ಅದಾದ ಮೇಲೆ ಆ ಕಂಪನಿ ದೀಪ ಹತ್ತಿರುವಾಗ ಊಟದ ಜೊತೆಗೆ ಬಿಸಿ ಪಾನೀಯ ಕೊಡುವುದನ್ನೂ ನಿಲ್ಲಿಸಿತು. ಈ ಒಂದು ವಿಷಯದಲ್ಲಿ ಸಿಬ್ಬಂದಿ ಎಷ್ಟು ಖಡಕ್ ಆಗಿದ್ದರೂ ಮಾರ್ಕು ಕಳೆಯಬಾರದು.

ಶೌಚಾಲಯದ ಮಾತು ಯಾರೂ ಎತ್ತುವುದಿಲ್ಲ, ಆದರೆ ಸಿಬ್ಬಂದಿಯ ಗೌರವಕ್ಕೆ ಅತಿ ಹೆಚ್ಚು ಕುಂದು ಬರುವುದು ಅಲ್ಲೇ. ಹತ್ತು ಗಂಟೆಯ ಹಾರಾಟದಲ್ಲಿ ಅದನ್ನು ಒರೆಸುವುದು ನಿಮಗೆ ಊಟ ಕೊಡುವ ಅದೇ ಜನ. ನೀರು ಬಳಸುವ ಅಭ್ಯಾಸ ನಮ್ಮದು, ತಪ್ಪೇನಿಲ್ಲ. ಒಂದು ಕಾಗದದ ಲೋಟ ಒಯ್ದು, ಹೊರಬರುವ ಮೊದಲು ಸೀಟು ಮತ್ತು ನೆಲವನ್ನು ಪೇಪರ್ ಟವೆಲ್‌ನಿಂದ ಒರೆಸಿ, ಆ ಟವೆಲನ್ನು ಕಸದ ಡಬ್ಬಿಗೇ ಹಾಕಬೇಕು. ಕಮೋಡಿಗೆ ಹಾಕಬಾರದು. ಗಾಳಿಯ ಸೆಳೆತದಿಂದ ಕೆಲಸ ಮಾಡುವ ಪೈಪುಗಳವು, ಡೈಪರ್ ಅಥವಾ ಬಟ್ಟೆ ಸಿಕ್ಕಿಕೊಂಡರೆ ಹಲವು ಶೌಚಾಲಯಗಳು ಒಟ್ಟಿಗೆ ಕೆಡುತ್ತವೆ. 2025ರ ಮಾರ್ಚ್‌ನಲ್ಲಿ ಶಿಕಾಗೊದಿಂದ ದೆಹಲಿಗೆ ಹೊರಟ ಏರ್ ಇಂಡಿಯಾ ವಿಮಾನ, ಅದರ 12 ಶೌಚಾಲಯಗಳಲ್ಲಿ 8 ಕಟ್ಟಿಕೊಂಡು, ಶಿಕಾಗೊಗೇ ವಾಪಸ್ ಹೋಗಬೇಕಾಯಿತು. ಪೈಪುಗಳಲ್ಲಿ ಸಿಕ್ಕಿದ್ದು ಪ್ಲಾಸ್ಟಿಕ್ ಚೀಲ, ಬಟ್ಟೆಗಳು.

ಕನ್ನಡ ಮಾತ್ರ ಬಲ್ಲ ಹಿರಿಯರನ್ನು ಒಬ್ಬರೇ ಕಳಿಸುವವರಿಗೆ ಒಂದು ಮಾತು. ಅವರ ಕೈಯಲ್ಲಿ ಒಂದು ಚೀಟಿ ಇರಲಿ. ಒಂದು ಕಡೆ ಇಂಗ್ಲಿಷಿನಲ್ಲಿ ಹೆಸರು, ಸೀಟ್ ನಂಬರ್, ಮುಂದಿನ ವಿಮಾನದ ನಂಬರ್, ಊಟದ ಕೋಡ್, ಸಕ್ಕರೆ ಕಾಯಿಲೆ ಅಥವಾ ಬಿಪಿ ಇದೆಯೇ, ಯಾವ ಭಾಷೆ ಬರುತ್ತದೆ ಎಂಬುದು. ಇನ್ನೊಂದು ಕಡೆ ನೀರು, ಬಿಸಿನೀರು, ಕಂಬಳಿ, ಶೌಚಾಲಯ, ಹುಷಾರಿಲ್ಲ ಎಂಬ ಐದು ಪದ ಎರಡೂ ಭಾಷೆಯಲ್ಲಿ. ಬಾಗಿಲಲ್ಲಿ ನಿಂತು ಸ್ವಾಗತಿಸುವವರಿಗೆ ತೋರಿಸಿದರೆ ಸಾಕು. ಎಮಿರೇಟ್ಸ್‌ನವರು ಆ ದಿನದ ಸಿಬ್ಬಂದಿಗೆ ಯಾವ ಯಾವ ಭಾಷೆ ಬರುತ್ತದೆ ಎಂದು ಘೋಷಣೆಯಲ್ಲೇ ಹೇಳುತ್ತಾರೆ, ಉಳಿದವರೂ ಅನುಸರಿಸಬೇಕಾದ ಪದ್ಧತಿ ಅದು. ಇನ್ಸುಲಿನ್ ಒಯ್ಯುವವರು ಗಮನಿಸಿ: ಅಡುಗೆಕಟ್ಟೆಯ ಫ್ರಿಜ್‌ನಲ್ಲಿ ಔಷಧ ಇಟ್ಟುಕೊಳ್ಳಲು ಹಲವು ಕಂಪನಿಗಳು ಒಪ್ಪುವುದಿಲ್ಲ. ತಂಪು ಚೀಲ ನೀವೇ ಒಯ್ದು ಐಸ್ ಮಾತ್ರ ಕೇಳಿ, ಕೊಡುತ್ತಾರೆ. ಮನೆಯ ಚಪಾತಿ, ಚಿತ್ರಾನ್ನ ಬಿಸಿ ಮಾಡಿಕೊಡಿ ಎಂದರೂ ಸಾಮಾನ್ಯವಾಗಿ ಆಗುವುದಿಲ್ಲ. ಹೊರಗಿನ ಆಹಾರವನ್ನು ಅವರ ಓವನ್‌ಗೆ ಹಾಕುವಂತಿಲ್ಲ.

"ಅಮ್ಮಾ, ಸ್ವಲ್ಪ ನೀರು ಕೊಡಮ್ಮ" ಎಂದು ಅಜ್ಜಿಯೊಬ್ಬರು ಕನ್ನಡದಲ್ಲೇ ಕೇಳಿದರೂ ಕೆಲಸ ಆಗುತ್ತದೆ, ದನಿಯಲ್ಲೇ ಮರ್ಯಾದೆ ತಿಳಿಯುತ್ತದೆ. ಚಿಟಿಕೆ ಹೊಡೆಯುವುದು, ಶ್‌ಶ್ ಎನ್ನುವುದು, ಹಾದುಹೋಗುವಾಗ ಸೊಂಟ ತೋಳು ತಟ್ಟಿ ಕರೆಯುವುದು ಯಾವ ಭಾಷೆಯಲ್ಲೂ ಸಲ್ಲದು. ಅಸಭ್ಯವಾಗಿ ಮುಟ್ಟುವುದು ಭಾರತದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ 2017ರಲ್ಲಿ ತಂದ ನಿಯಮದ ಎರಡನೇ ಹಂತದ ಅಪರಾಧ, ಆರು ತಿಂಗಳವರೆಗೆ ಹಾರಾಟಕ್ಕೆ ನಿಷೇಧ ಬೀಳಬಹುದು. ಬಾಯಿಮಾತಿನ ದೌರ್ಜನ್ಯಕ್ಕೆ ಮೂರು ತಿಂಗಳವರೆಗೆ, ಜೀವಕ್ಕೆ ಅಪಾಯ ತರುವ ನಡತೆಗೆ ಕನಿಷ್ಠ ಎರಡು ವರ್ಷ. ಅಮೆರಿಕದ ಕಂಪನಿಗಳಲ್ಲಿ ದೂರದ ಹಾರಾಟಗಳಿಗೆ ಹೆಚ್ಚಾಗಿ ಹಿರಿಯರೇ ಬರುತ್ತಾರೆ, ಏಕೆಂದರೆ ಅಲ್ಲಿ ಸೇವಾವಧಿಯ ಮೇಲೆ ಮಾರ್ಗ ಆರಿಸಿಕೊಳ್ಳುವ ಹಕ್ಕಿದೆ. ಅವರ ವಯಸ್ಸಿನ ಬಗ್ಗೆ ಬರುವ ಟೀಕೆಗಳು ನೋವು ತರುತ್ತವೆ. ತುರ್ತಿನಲ್ಲಿ ನಿಮ್ಮ ಸಾಲಿನ ಹತ್ತಿರ ಇರಬೇಕಾದವರು ಅಂಥ ಅನುಭವಿಗಳೇ.

ಕ್ಯಾಬಿನ್ ಚೀಲದ ವಿಷಯ ಚಿಕ್ಕದು: ಎಮಿರೇಟ್ಸ್ ಎಕಾನಮಿಯಲ್ಲಿ 7 ಕೆಜಿ, ಲುಫ್ತಾನ್ಸಾದಲ್ಲಿ 8 ಕೆಜಿ. ಉಪ್ಪಿನಕಾಯಿ ಭರಣಿ, ಹುರಿಹಿಟ್ಟು ತುಂಬಿ 14 ಕೆಜಿ ಮಾಡಿಕೊಂಡು ಬಂದು ಗಗನಸಖಿಯನ್ನು ಎತ್ತಲು ಕರೆಯಬಾರದು. ಬೆನ್ನುನೋವಿನಿಂದ ಈ ಕೆಲಸವನ್ನೇ ಬಿಟ್ಟವರಿದ್ದಾರೆ. ಚೀಲ ಎತ್ತುವ ಆ ಹೊತ್ತಿಗೆ ಸಂಬಳವೂ ಇರದೆ, ಅಮೆರಿಕದ ಹಲವು ಕಂಪನಿಗಳಲ್ಲಿ ಬಾಗಿಲು ಮುಚ್ಚಿದ ಮೇಲಷ್ಟೇ ಸಂಬಳದ ಗಡಿಯಾರ ಶುರುವಾಗುತ್ತಿತ್ತು. ಜನ ಹತ್ತುವ ಹೊತ್ತಿಗೂ ಅರ್ಧ ಸಂಬಳ ಕೊಡಲು ಡೆಲ್ಟಾ ಆರಂಭಿಸಿದ್ದು 2022ರಲ್ಲಿ.

ನಿಜವಾಗಿಯೂ ಅವಮಾನವಾದರೆ ಅಲ್ಲೇ ವಿಡಿಯೊ ಹಿಡಿಯಬೇಡಿ. ಪರ್ಸರ್ ಅಥವಾ ಕ್ಯಾಬಿನ್ ಮುಖ್ಯಸ್ಥರನ್ನು ಕೇಳಿ, ಅಡುಗೆಕಟ್ಟೆಯ ಹತ್ತಿರ ನಿಂತು ಶಾಂತವಾಗಿ ಹೇಳಿ. ನಡೆದದ್ದನ್ನು ಹಾರಾಟದ ವರದಿಯಲ್ಲಿ ಬರೆಯಲು ಕೋರಿ. ಇಳಿದ ಮೇಲೆ ಕಂಪನಿಯ ಫಾರಂನಲ್ಲಿ ವಿಮಾನದ ನಂಬರ್, ದಿನಾಂಕ, ನಿಮ್ಮ ಸೀಟು, ಊಟದ ಮೊದಲೋ ನಂತರವೋ, ಏನು ಕೇಳಿದಿರಿ, ಏನು ಉತ್ತರ ಬಂತು, ಬದಲಿ ಏನಾದರೂ ಕೊಟ್ಟರೇ ಎಂದು ಬರೆಯಿರಿ. ಮೆಚ್ಚುಗೆಗೂ ಇದೇ ಫಾರಂ. ಎದೆಯ ಮೇಲಿನ ಹೆಸರನ್ನು ಇಳಿಯುವ ಮೊದಲೇ ಬರೆದಿಟ್ಟುಕೊಳ್ಳಿ. ಹೆಸರು ಗೊತ್ತಾಗದಿದ್ದರೆ ಯಾವ ಬದಿಯ ದಾರಿಯಲ್ಲಿ, ಯಾವ ಸಾಲುಗಳ ನಡುವೆ ಬಡಿಸುತ್ತಿದ್ದರು ಎಂದು ತಿಳಿಸಿ. ಆ ದಿನದ ಡ್ಯೂಟಿ ಪಟ್ಟಿ ನೋಡಿ ಯಾರೆಂದು ಅವರೇ ಹುಡುಕಿಕೊಳ್ಳಬಹುದು.