ಹಾರ್ಡ್ ಡಿಸ್ಕ್ ಸತ್ತಿದೆ ಅಂದ ಕೂಡ್ಲೇ ನಂಬಬೇಡಿ, ನಾನು ನಂಬಿ 8,300 ಕಳ್ಕೊಂಡೆ

ಕಂಪ್ಯೂಟರ್ ರಿಪೇರಿ ಅಂಗಡಿ, ಹೆಸರು ಹಾಕಲ್ಲ, ಶಿವಮೊಗ್ಗದಲ್ಲೇ ಒಂದು ಕಡೆ ಅಂದ್ಕೊಳ್ಳಿ. ಬರಿಯೋಕೂ ನಾಚಿಕೆ ಆಗ್ತಿದೆ, ಆದ್ರೆ ಹೊಟ್ಟೆ ಉರಿ ಅದಕ್ಕಿಂತ ಜಾಸ್ತಿ ಇದೆ.

ಭಾನುವಾರ ರಾತ್ರಿ ಜೋರು ಮಳೆ, ಕಂಪ್ಯೂಟರ್ ಅಪ್‌ಡೇಟ್ ಆಗ್ತಿತ್ತು, ಆಫ್ ಮಾಡಬೇಡಿ ಅಂತ ಸ್ಕ್ರೀನ್ ಮೇಲೆ ಬರ್ತಿರೋವಾಗ್ಲೇ ಕರೆಂಟ್ ಹೋಯ್ತು. ಯುಪಿಎಸ್ ಬ್ಯಾಟರಿ ಸತ್ತು ಎಂಟು ತಿಂಗಳಾಗಿತ್ತು, ಅದು ನನ್ನ ತಪ್ಪೇ, ಒಪ್ಕೋತೀನಿ. ಆಮೇಲೆ ಆನ್ ಮಾಡಿದ್ರೆ ಬರೀ ನೀಲಿ ಸ್ಕ್ರೀನು, ಬೂಟ್ ಕಾನ್ಫಿಗರೇಶನ್ ಡೇಟಾ ಮಿಸ್ಸಿಂಗ್ ಅಂತ, ಕೆಳಗೆ ಬಿಸಿಡಿ ಅನ್ನೋ ಫೈಲ್ ಹೆಸರು, ವಿಂಡೋಸ್ ಶುರುವಾಗೋಕೆ ಬೇಕಾದ ಮಾಹಿತಿ ಇರೋ ಫೈಲದು.

ಸೋಮವಾರ ಸಿಪಿಯು ಸ್ಕೂಟರ್ ಮೇಲಿಟ್ಕೊಂಡು ಹೋದೆ. ಅಂಗಡಿಯವನು ಐದು ನಿಮಿಷ ನೋಡಿದ, "ಹಾರ್ಡ್ ಡಿಸ್ಕ್ ಡೆಡ್ ಸಾರ್." ಫೈಲ್ ಮಿಸ್ಸಿಂಗ್ ಅಂತ ತಾನೇ ತೋರಿಸ್ತಿರೋದು ಅಂದೆ. "ಡಿಸ್ಕೇ ಹೋದ್ಮೇಲೆ ಫೈಲ್ ಎಲ್ಲಿರತ್ತೆ ಸಾರ್" ಅಂದು ನಕ್ಕ. ಆ ನಗು ನೋಡಿ ನಾನೇ ದಡ್ಡ ಅನ್ನಿಸಿ ಸುಮ್ಮನಾದೆ. ಅದರೊಳಗೆ ದೇವಸ್ಥಾನ ಸಮಿತಿಯ 11 ವರ್ಷದ ಲೆಕ್ಕ, ನಡಾವಳಿ, ಎಲ್ಲಾ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ದು. ಬ್ಯಾಕಪ್ ಇಲ್ಲ, ಕೇಳಬೇಡಿ. ಬೆಂಗಳೂರಿಗೆ ಲ್ಯಾಬಿಗೆ ಕಳಿಸ್ಬೇಕು ಅಂದ, ಕಳ್ಸಪ್ಪ ಅಂದೆ.

ಬುಧವಾರ ಮೆಸೇಜು, "ಲ್ಯಾಬಲ್ಲಿದೆ ಸಾರ್, 40 ಪರ್ಸೆಂಟ್ ಬಂದಿದೆ." ಗುರುವಾರ 80. ನಾನು ಅಡುಗೆಮನೆಗೆ ಓಡಿ ಹೆಂಡತಿಗೆ ಹೇಳಿದೆ, ಎಂಬತ್ತು ಬಂತಂತೆ ಕಣೇ ಅಂತ. ಶುಕ್ರವಾರ "ದೇವ್ರು ದೊಡ್ಡೋನು ಸಾರ್, ಫುಲ್ ಬಂತು." ಹಳೇದರ ಬದಲು ಹಾಕಿದ ಹೊಸ ಡಿಸ್ಕು, ಅದೇ ಎಸ್‌ಎಸ್‌ಡಿ, 3,200, ವಿಂಡೋಸ್ 600, ರಿಕವರಿ 4,000.

ಮನೆಗೆ ತಂದು ಫೈಲ್ ತೆಗೆದ್ರೆ ಕನ್ನಡವೇ ಇಲ್ಲ, ಏನೇನೋ ಇಂಗ್ಲಿಷ್ ಅಕ್ಷರ, ಅದರ ತಲೆ ಮೇಲೆ ಕೊಂಬು, ಚುಕ್ಕಿ. ಫೋನ್ ಮಾಡಿದೆ. "ರಿಕವರಿ ಫೈಲಲ್ವಾ ಸಾರ್, ಕರಪ್ಟ್ ಇರತ್ತೆ, ರಿಪೇರಿ ಮಾಡ್ಕೊಡ್ತೀನಿ, 500 ಆಗತ್ತೆ." ಕೊಟ್ಟೆ! ದೂರದಿಂದ್ಲೇ ನನ್ನ ಕಂಪ್ಯೂಟರಿಗೆ ಕನೆಕ್ಟ್ ಆಗಿ ನಾಲ್ಕೇ ನಿಮಿಷದಲ್ಲಿ ಸರಿ ಮಾಡಿದ. ನುಡಿ ಫಾಂಟ್ ಇಲ್ದಿದ್ರೆ ಹಳೇ ಫೈಲು ಹಾಗೇ ಕಾಣೋದು, ನುಡಿ ಫ್ರೀ, ಇದನ್ನ ಸಮಿತಿಯಲ್ಲಿ ಬೇರೆಯೋರಿಗೆ ಹೇಳ್ಕೊಟ್ಟಿರೋನೇ ನಾನು! ಗಾಬರೀಲಿ ಹೊಳೀಲೇ ಇಲ್ಲ. ದುಡ್ಡಿಗಿಂತ ಈ 500 ನೆನೆಸ್ಕೊಂಡ್ರೆ ಮೈ ಉರಿಯತ್ತೆ.

ಭಾನುವಾರ ಅಕ್ಕನ ಮಗ ಬಂದಿದ್ದ. ಯಾವುದೋ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆಗೆದ. ಕ್ರಿಯೇಟೆಡ್, ಸೋಮವಾರ ಸಂಜೆ 6:42. "ಮಾಮ, ಇದು ಈ ಎಸ್‌ಎಸ್‌ಡಿಗೆ ಕಾಪಿ ಆದ ಟೈಮು." ಇನ್ನೊಂದು ನೋಡಿದ್ವಿ, 6:43. ಮತ್ತೊಂದು 6:51. ಸೋಮವಾರ! ಅಂದ್ರೆ ನಾನು ಕೊಟ್ಟ ದಿನಾನೇ ಎಲ್ಲಾ ಮುಗಿದಿತ್ತು, 40 ಇಲ್ಲ, 80 ಇಲ್ಲ, ಲ್ಯಾಬೂ ಇಲ್ಲ.

ಅಂಗಡಿಗೆ ಹೋಗಿ ಕೇಳಿದ್ರೆ "ಅದು ಲ್ಯಾಬ್ ಟೈಮ್ ಸಾರ್, ಅಲ್ಲಿ ಡೇಟ್ ಸರಿ ಇರಲ್ಲ" ಅಂದ. ಹಳೇ ಡಿಸ್ಕ್ ಎಲ್ಲಿ ಅಂದ್ರೆ ಸ್ಕ್ರ್ಯಾಪಿಗೆ ಹೋಯ್ತಂತೆ. ಕೂಗಾಡಿದ್ಮೇಲೆ ಕೈಕೆಳಗಿನ ಡ್ರಾಯರಿಂದ್ಲೇ ಬಂತು, ನನ್ನ ಹೆಸರಿನ ಚೀಟಿ ಅಂಟಿಸ್ಕೊಂಡು. ದುಡ್ಡು ವಾಪಸ್ ಕೇಳಿದೆ. "ಈಗ ಸ್ಪೀಡಾಗಿದೆ ಅಲ್ವಾ ಸಾರ್?" ಆಗಿದೆ. ಅದಕ್ಕೇನು ಹೇಳ್ಲಿ.

ಹುಡುಗ 8 ಜಿಬಿ ಪೆನ್‌ಡ್ರೈವಿಗೆ ಮೈಕ್ರೋಸಾಫ್ಟಿಂದ ಫ್ರೀಯಾಗಿ ವಿಂಡೋಸ್ ಸೆಟಪ್ ಇಳಿಸ್ಕೊಂಡ, ಹಳೇ ಡಿಸ್ಕ್ ಹಾಕಿ ಪೆನ್‌ಡ್ರೈವಿಂದ ಬೂಟ್ ಮಾಡಿ ರಿಪೇರ್‌ಗೆ ಹೋಗಿ ಕಮಾಂಡ್ ಪ್ರಾಂಪ್ಟಲ್ಲಿ ಬಿಸಿಡಿಬೂಟ್ ಅಂತ ಒಂದು ಸಾಲು ಹೊಡೆದ, ಕೆಟ್ಟಿದ್ದ ಆ ಬಿಸಿಡಿ ಫೈಲನ್ನ ಮತ್ತೆ ಬರೆಯೋ ಕಮಾಂಡು. ಅಷ್ಟೇ. ರೀಸ್ಟಾರ್ಟ್ ಆಯ್ತು, ನನ್ನ ಹಳೇ ಡೆಸ್ಕ್‌ಟಾಪು, ಸಿಗಂದೂರು ಲಾಂಚಿನ ಫೋಟೋ, ಎಲ್ಲಾ ಇಟ್ಟಲ್ಲೇ ಇತ್ತು. ಸತ್ತ ಡಿಸ್ಕಂತೆ!

ಡೆಡ್ ಅಂದ್ರೆ ನಿಮ್ಮ ಮುಂದೇನೇ ಆ ಡಿಸ್ಕನ್ನ ಇನ್ನೊಂದು ಕಂಪ್ಯೂಟರಿಗೆ ಹಾಕಿ ತೋರಿಸು ಅನ್ನಿ. ಫೋಲ್ಡರ್ ಕಂಡ್ರೆ ಮೊದಲು ಕಾಪಿ ಮಾಡಿಸ್ಕೊಳ್ಳಿ, ಅಲ್ಲಿವರ್ಗೂ ಫಾರ್ಮ್ಯಾಟ್ ಬೇಡ. ಹಳೇ ಡಿಸ್ಕ್ ಬಿಟ್ಟು ಬರ್ಲೇಬೇಡಿ. ನಕ್ರೆ ನಗ್ಲಿ.

ನಿನ್ನೆ ಅವನದೇ ಮೆಸೇಜು, "ಸಾರ್ ಯುಪಿಎಸ್ ಬ್ಯಾಟರಿ ಹೊಸ ಸ್ಟಾಕ್ ಬಂದಿದೆ, ಒಂದು ಎತ್ತಿಡ್ಲಾ?"