ಸಿಒಪಿಡಿ ಇದ್ದವರ ನಡಿಗೆ: ಕಾರವಾರದ ಕಡಲತೀರವೋ, ಮನೆಯ ಜಗಲಿಯೋ?
ಸಿಒಪಿಡಿ ಎಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ದಮ್ಮು ಹತ್ತುತ್ತದೆಂದು ಕೂತೇ ಇದ್ದರೆ ಕಾಲಿನ ಸ್ನಾಯು ಸೊರಗಿ ನಾಲ್ಕು ಹೆಜ್ಜೆಗೂ ಏದುಸಿರು ಬರುತ್ತದೆ. 2006ರ ಕೋಪನ್‌ಹೇಗನ್ ಅಧ್ಯಯನದಲ್ಲಿ, ವಾರಕ್ಕೆ 2 ಗಂಟೆಯಾದರೂ ನಡೆಯುವಷ್ಟು ಚಟುವಟಿಕೆ ಇದ್ದವರಲ್ಲಿ ಉಸಿರಾಟದ ಕಾಯಿಲೆಯಿಂದ ಸಾಯುವ ಅಪಾಯ 30–40% ಕಡಿಮೆ ಕಂಡಿತ್ತು. ಕಾಯಿಲೆ ಹಗುರಾಗಿದ್ದವರೇ ಹೆಚ್ಚು ನಡೆದಿರಲೂಬಹುದು; ಆದರೂ ಕೂತಿರಲು ಅದು ನೆಪವಲ್ಲ.

ಕಡಲತೀರದಲ್ಲಿ ಏರು ಇಲ್ಲ. ಆದರೆ ಒಣ ಮರಳಿನಲ್ಲಿ ಕಾಲು ಹೂತು ದಣಿವು ಬೇಗ. ಇಳಿತದ ಹೊತ್ತಿನ ಗಟ್ಟಿ ಒದ್ದೆ ಮರಳೇ ಸರಿ. ಮೂಗಿನಿಂದ ಉಸಿರೆಳೆಯುತ್ತ 2 ಹೆಜ್ಜೆ, ತುಟಿ ಚೂಪಾಗಿಸಿ ಬಿಡುತ್ತ 4 ಹೆಜ್ಜೆ. ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ ನಿಲ್ಲಿ.

ಜಗಲಿ ಮಳೆಗಾಲಕ್ಕೆ. ಕುರ್ಚಿಯಿಂದ 10 ಸಲ ಎದ್ದು ಕೂತರೆ ತೊಡೆಗೆ ಬಲ. ಬಚ್ಚಲೊಲೆ ಹೊಗೆಯಾಡುವಾಗ ಮಾತ್ರ ಬೇಡ.

ಹೊಸಬರಿಗೆ ನಾವು ಜಗಲಿಯನ್ನೇ ಹೇಳುತ್ತೇವೆ. ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್‌ನಲ್ಲಿ ಅಂಕಿ 88%ಕ್ಕಿಂತ ಇಳಿದರೆ ನಿಲ್ಲಿಸಿ, ವೈದ್ಯರಿಗೆ ತಿಳಿಸಿ.